ಬುಚ್ಚಿ, ನಿಮ್ಮಮ್ಮನಿಗೆ ಹೇಳು

ಕಠ್ಮಂಡು, ದೊಡ್ಡಾಸ್ಪತ್ರೆಯ ಗಂಡಸರ ವಾರ್ಡು
ಪೌಷ ೨೦, ಗುರುವಾರ

ಬುಚ್ಚಿಯ ಅಪ್ಪನಿಗೆ ಪಾದ ಮುಟ್ಟಿ ನಮಸ್ಕಾರ.

ಹೇಗಿದ್ದೀರಿ? ದೋಹಾದ ಬಿಸಿಲಿಗೆ ಮೂಗಿನಿಂದ ರಕ್ತ ಬರುತ್ತದೆ ಎಂದು ದಸರಾದಲ್ಲಿ ಬರೆದಿದ್ದಿರಿ, ಈಗ ನಿಂತಿತೆ? ಎತ್ತರದ ಕಟ್ಟಡ ಹತ್ತುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತೀರೋ ಇಲ್ಲವೋ? ಬುಚ್ಚಿ ಚೆನ್ನಾಗಿದ್ದಾಳೆ, ಮೊಣಕೈ ತರಚಿದೆ ಅಷ್ಟೆ. ನಾನೂ ಚೆನ್ನಾಗಿದ್ದೇನೆ. ಎರಡು ಪಕ್ಕೆಲುಬು ಮುರಿದಿವೆ, ಉಸಿರೆಳೆದಾಗ ಮಾತ್ರ ನೋವು. ನಿಮ್ಮಣ್ಣ ಬದುಕಿದ್ದಾರೆ. ಅದನ್ನು ಮೊದಲು ಓದಿಕೊಳ್ಳಿ, ಉಳಿದದ್ದು ಆಮೇಲೆ. ಅತ್ತೆ ಬುಚ್ಚಿಯನ್ನು ಕರೆದುಕೊಂಡು ಊರಿಗೆ ಹೋದರು. ಹೋದವರೇ ಯಾರ ಕೈಲಾದರೂ ನಿಮಗೆ ಬರೆಸಿ ಹಾಕಿರುತ್ತಾರೆ, ನಿನ್ನ ಹೆಂಡತಿ ನಡುಬೀದಿಯಲ್ಲಿ ಭಾವನನ್ನು ತಬ್ಬಿಕೊಂಡು ಬಿದ್ದಿದ್ದಳು ಎಂದು. ನಿಜ, ಬಿದ್ದಿದ್ದೆ. ಯಾಕೆ ಎನ್ನುವುದನ್ನು ನನ್ನಿಂದ ಕೇಳಿ, ಆಮೇಲೆ ಸಿಟ್ಟು ಮಾಡಿಕೊಳ್ಳುವುದಿದ್ದರೆ ಮಾಡಿಕೊಳ್ಳಿ. ಸಿಟ್ಟು ನನಗೂ ಬೇಕಾದಷ್ಟಿದೆ.

ಅತ್ತೆಗೆ ಸಾಯುವುದರೊಳಗೆ ಪಶುಪತಿನಾಥನ ದರ್ಶನವಾಗಬೇಕಿತ್ತು. ಬುಚ್ಚಿಗೆ ಮೃಗಾಲಯದ ಘೇಂಡಾಮೃಗ ನೋಡಬೇಕಿತ್ತು. ನಿಮ್ಮಣ್ಣನಿಗೆ, ಇಪ್ಪತ್ತು ವರ್ಷ ಶಾಲೆಯ ಮಕ್ಕಳಿಗೆ ಯಾವುದರ ಬಗ್ಗೆ ಪಾಠ ಹೇಳಿದರೋ ಆ ರಾಜಧಾನಿಯನ್ನು ಒಮ್ಮೆ ಕಣ್ಣಾರೆ ಕಾಣಬೇಕಿತ್ತು. ನನಗೇನು ಬೇಕಿತ್ತೆಂದು ಯಾರೂ ಕೇಳಲಿಲ್ಲ. ಮೂರು ದಿನದ ಪ್ರವಾಸ. ಎದೆಯವರೆಗೆ ಮುಸುಕೆಳೆದುಕೊಂಡು ಹಿಂದೆ ಹಿಂದೆ ನಡೆದೆ. ನನ್ನ ಸೆರಗು ಕೆಂಪು, ಹಾಗಾಗಿ ಹಿಮದ ಬೆಟ್ಟವೂ ನನಗೆ ಕೆಂಪಾಗಿಯೇ ಕಂಡಿತು. ತಮ್ಮನ ಹೆಂಡತಿಯ ನೆರಳು ಸೋಕಿದರೂ ಸ್ನಾನ ಮಾಡುವ ಮನೆ ನಮ್ಮದು. ಹನ್ನೊಂದು ವರ್ಷದಲ್ಲಿ ಭಾವ ನನ್ನ ಮುಖ ನೋಡಿಲ್ಲ, ನಾನು ಅವರ ಮುಂದೆ ಒಂದು ಮಾತು ಆಡಿಲ್ಲ. ಏನಿದ್ದರೂ ಬುಚ್ಚಿಯ ಮೂಲಕ. "ಬುಚ್ಚಿ, ನಿಮ್ಮಮ್ಮನಿಗೆ ಹೇಳು, ಬಸ್ಸಲ್ಲಿ ಹೊಟ್ಟೆ ತೊಳಸಿದ್ರೆ ನಿಂಬೆಹಣ್ಣು ಮೂಸ್ಬೇಕಂತೆ." ನಾನು ಎರಡಡಿ ದೂರದಲ್ಲೇ ಕೂತಿದ್ದೆ! ನನ್ನ ಉತ್ತರ ಬಳೆಯಲ್ಲಿ: ಒಮ್ಮೆ ಕುಲುಕಿದರೆ ಆಯಿತು, ಎರಡು ಸಲ ಕುಲುಕಿದರೆ ಬೇಡ. ಬುಚ್ಚಿ ನಿದ್ದೆ ಹೋದ ಮೇಲೆ ಭಾವ ಬಸ್ಸಿನ ಕಿಟಕಿಗೆ ಹೇಳಿದರು. ಅವಳು ಹುಟ್ಟುವ ಮುಂಚೆ ಜಗಲಿಯ ಕಂಬಕ್ಕೆ ಹೇಳುತ್ತಿದ್ದರಲ್ಲ, ಹಾಗೆ.

ಮೊದಲ ದಿನ ಪಶುಪತಿಯ ದರ್ಶನವಾಯಿತು. ಅತ್ತೆ ಹಿತ್ತಾಳೆ ಚೊಂಬಿನಲ್ಲಿ ತೀರ್ಥ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ನನ್ನ ಕೈಗೆ ಕೊಟ್ಟರು. "ಊರು ಮುಟ್ಟೋವರ್ಗೂ ನೆಲಕ್ಕಿಟ್ಟೀಯ ಜೋಕೆ" ಎಂದರು. ಮಂಗಳವಾರ ಬೆಳಗ್ಗೆ ಲಾಡ್ಜಿನ ಯಜಮಾನತಿ ಭಾವನನ್ನು ತಡೆದಳು. ಗಡಿಯಾಚೆಯ ಯಾವನೋ ಸಿನಿಮಾ ನಟ ನೇಪಾಳದವರ ಬಗ್ಗೆ ಏನೋ ಅಂದನಂತೆ. ಅಂದನೋ ಬಿಟ್ಟನೋ, ಕೇಳಿದವರು ಯಾರೂ ಇಲ್ಲ, ಆದರೆ ಊರೆಲ್ಲ ಸಿಟ್ಟೆದ್ದಿತ್ತು; ಬಯಲಿನಿಂದ ಬಂದ ನಮ್ಮಂಥ ಧೋತಿಯವರೆಲ್ಲ ಇಲ್ಲಿಯವರ ಕಣ್ಣಿಗೆ ಗಡಿಯಾಚೆಯವರೇ. "ಮಾಸ್ಟರ್ ಸಾಬ್, ಇವತ್ತು ಆ ಧೋತಿ ಉಟ್ಕೊಂಡು ಬೀದಿಗಿಳೀಬೇಡಿ. ನನ್ ಮಗಂದು ಪ್ಯಾಂಟಿದೆ, ಕೊಡ್ತೀನಿ." ಭಾವ ನಕ್ಕುಬಿಟ್ಟರು. "ನಮ್ ರಾಜಧಾನೀಲಿ ನಮ್ ಧೋತಿಗೇನಮ್ಮಾ ಭಯ? ಪೌರತ್ವದ ಕಾಗದ ಜೇಬಲ್ಲೇ ಇದೆ." ನಾನು ಎರಡು ಸಲ ಬಳೆ ಕುಲುಕಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ಮೃಗಾಲಯದಿಂದ ಹೊರಗೆ ಬಂದರೆ ಬಸ್ಸುಗಳೆಲ್ಲ ನಿಂತುಹೋಗಿದ್ದವು. ನಡೆಯುತ್ತ ಬಂದೆವು. ತಿರುವಿನಲ್ಲಿ ಟೈರು ಉರಿಯುತ್ತಿತ್ತು. ಸೈಕಲ್ಲಿನ ಮೇಲೆ ಕಿತ್ತಳೆ ಮಾರುವ ನಮ್ಮ ಕಡೆಯವನೊಬ್ಬನನ್ನು ಕೆಡವಿಕೊಂಡು ಹತ್ತಿಪ್ಪತ್ತು ಜನ ತುಳಿಯುತ್ತಿದ್ದರು. ಅವನು ಹಣ್ಣಿನ ಮೇಲೇ ಹೊರಳಾಡುತ್ತಿದ್ದ. ರಸ ಯಾವುದು ರಕ್ತ ಯಾವುದು ತಿಳಿಯುತ್ತಿರಲಿಲ್ಲ. ಆಮೇಲೆ ಕಿರುಚಾಟ ನಮ್ಮ ಕಡೆ ತಿರುಗಿತು. "ನೋಡ್ರೋ, ಇಲ್ಲೊಂದು ಧೋತಿ!" ಭಾವ ಓಡಲಿಲ್ಲ. ಕಾಗದ ತೆಗೆದು, ಮಕ್ಕಳಿಗೆ ಭೂಪಟ ತೋರಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದರು. "ಓದ್ರಪ್ಪಾ, ಓದಿ ನೋಡಿ. ನಾನೂ ಇದೇ ದೇಶದವನು." ಹಳದಿ ಮಫ್ಲರಿನವನೊಬ್ಬ ಅದನ್ನು ಕಿತ್ತುಕೊಂಡು, ಓದದೆಯೇ ನಾಲ್ಕು ತುಂಡು ಮಾಡಿ ಟೈರಿಗೆಸೆದ. "ಹೋಗೋ ನಿಮ್ಮೂರಿಗೆ!" ಅಂದ. ಭಾವನ ಎರಡೂ ಕೈ ಕಾಗದ ಹಿಡಿದ ಹಾಗೇ ಮೇಲಿದ್ದವು. ಇಪ್ಪತ್ತು ವರ್ಷ ಪ್ರತಿ ಬೆಳಗ್ಗೆ ರಾಷ್ಟ್ರಗೀತೆ ಹಾಡಿಸಿದ ಮನುಷ್ಯ!

ಅಷ್ಟರಲ್ಲಿ ತರಕಾರಿ ಲಾರಿಯೊಂದು ನಮ್ಮ ಪಕ್ಕಕ್ಕೆ ಬಂದು ನಿಂತಿತು. ಅಲ್ಲಿಯವನೇ ಆದ ಮುದುಕ ಡ್ರೈವರು, "ಹತ್ರೀ ಬೇಗ, ಸಾಯ್ತೀರಾ!" ಎಂದು ಕೂಗಿದ. ಭಾವ ಅತ್ತೆಯನ್ನು ಎತ್ತಿ ಹಾಕಿದರು, ಬುಚ್ಚಿಯನ್ನು ಎಸೆದರು, ತಾವು ಹತ್ತಿದರು. ಬಗ್ಗಿ ನನ್ನ ಕಡೆ ಕೈ ಚಾಚಿದರು. ನಾನು ಕೈ ಹಿಂದಕ್ಕೆಳೆದುಕೊಂಡೆ.

ಬೇಕೆಂದು ಮಾಡಿದ್ದಲ್ಲ. ಬಿಸಿ ಪಾತ್ರೆಯಿಂದ ಕೈ ತಾನಾಗಿ ಹಿಂದೆ ಬರುವುದಿಲ್ಲವೇ, ಹಾಗೆ ಬಂತು. ನಾನು ಎಳೆದುಕೊಂಡದ್ದು ನೋಡಿ ಅವರೂ ಎಳೆದುಕೊಂಡರು. ನಾಚಿ, ಮುಖ ಆ ಕಡೆ ತಿರುಗಿಸಿ, "ಬುಚ್ಚಿ, ನಿಮ್ಮಮ್ಮನಿಗೆ ಹೇಳು, ಹಗ್ಗ ಹಿಡ್ಕೊಂಡು—" ಎಂದರು. ಆ ಮಾತು ಮುಗಿಯಲಿಲ್ಲ. ಇಟ್ಟಿಗೆ ಬಂದು ಕಿವಿಯ ಹಿಂದೆ ಬಿತ್ತು. ಲಾರಿಯಿಂದ ತಲೆಕೆಳಗಾಗಿ ನನ್ನ ಕಾಲ ಬಳಿಗೇ ಬಿದ್ದರು.

ಆಮೇಲೆ ಆ ಗುಂಪಿನವರು ಬಡಿದರು. ಹೇಗೆ ಬಡಿದರು ಎಂದರೆ, ಭತ್ತ ಬಡಿಯುವಾಗಲೂ ನಮ್ಮವರು ನಡುನಡುವೆ ಉಸಿರು ತೆಗೆದುಕೊಳ್ಳುತ್ತಾರೆ, ಇವರು ತೆಗೆದುಕೊಳ್ಳಲಿಲ್ಲ. ದೊಣ್ಣೆ, ಬೂಟು, ಕಬ್ಬಿಣದ ಸರಳು. ಭಾವನ ತೋಳಿನ ಮೂಳೆ ಲಟಕ್ಕೆಂದಿತು. ಮಫ್ಲರಿನವನು ಸರಳನ್ನು ಮುಖದ ಮೇಲೆ ಅಡ್ಡಡ್ಡ ಬೀಸಿದ, ಎರಡು ಸಲ. ಧೋತಿ ಕಿತ್ತು ಬೆಂಕಿಗೆಸೆದರು. ಮೇಲಿನಿಂದ ಬುಚ್ಚಿ "ದೊಡ್ಡಪ್ಪಾ! ದೊಡ್ಡಪ್ಪಾ!" ಎಂದು ಕಿರುಚುತ್ತಿದ್ದಳು. ನನ್ನ ಮುಸುಕು ಯಾವಾಗ ಹೋಯಿತೋ ಗೊತ್ತಿಲ್ಲ. ಚೊಂಬು ಕೈಯಲ್ಲೇ ಇತ್ತು, ತುಂಬಿದ ಚೊಂಬು. ಮಫ್ಲರಿನವನ ಬಾಯಿಗೆ ನೇರ ಬೀಸಿದೆ. ಹಲ್ಲು ಮುರಿದ ಸದ್ದು ಕೇಳಿಸಿತು. ಹಿತವಾಯಿತು, ಸುಳ್ಳು ಯಾಕೆ ಹೇಳಲಿ? ಇನ್ನೊಮ್ಮೆ ಬೀಸಿದೆ. ಒಬ್ಬನ ಮಣಿಕಟ್ಟನ್ನು ಕಚ್ಚಿ ಹಿಡಿದೆ, ಅವನು ನನ್ನ ಕೂದಲು ಹಿಡಿದು ಎಳೆದಾಡಿದರೂ ಬಿಡಲಿಲ್ಲ. "ನಿಮ್ ವಂಶ ಹಾಳಾಗ, ನಿಮ್ ಕೈಗೆ ಹುಳ ಬೀಳ, ಬನ್ರೋ, ನನ್ನ ಕೊಲ್ರೋ ಮೊದ್ಲು!" ಎಂದು ನಮ್ಮ ಭಾಷೆಯಲ್ಲೇ ಅರಚಿದೆ. ಬೂಟುಗಳು ಮತ್ತೆ ಭಾವನ ತಲೆಯ ಕಡೆ ಬಂದಾಗ ಅವರ ಮೇಲೆ ಅಡ್ಡ ಬಿದ್ದೆ. ಅದೇ ನಿಮ್ಮಮ್ಮ ಹೇಳುವ ತಬ್ಬಿಕೊಂಡದ್ದು. ನನ್ನ ಪಕ್ಕೆಲುಬು ಮುರಿದದ್ದು ಆಗಲೇ. ಡ್ರೈವರು ಜಾಕಿಯ ಸಲಾಕೆ ಬೀಸುತ್ತ ಇಳಿದು ಬಂದ, ಅವನ ಹಣೆಗೂ ಏಟು ಬಿತ್ತು. ಇಬ್ಬರೂ ಸೇರಿ ಭಾವನ ಕಂಕುಳಿಗೆ ಕೈ ಕೊಟ್ಟು ಎಳೆದು, ಕೋಸುಗಡ್ಡೆಯ ಮೂಟೆಗಳ ಮೇಲೆ ಹಾಕಿದೆವು. ಮಾಂಸದ ಮುದ್ದೆಯಾಗಿದ್ದರು. ನನ್ನ ಸೆರಗು ಹರಿದು ಸುತ್ತಿದೆ.

ಆಗ ಅತ್ತೆ ಆಡಿದ ಮೊದಲ ಮಾತು ಏನು ಗೊತ್ತೆ? "ಮುಟ್ಟಿಬಿಟ್ಯಲ್ಲೇ, ದರಿದ್ರದೋಳೇ!" ಮಗನ ರಕ್ತ ಅವರ ಮಡಿಲಲ್ಲಿ ಹರಿಯುತ್ತಿತ್ತು, ಪಾಪ, ಅವರಿಗೆ ಬಾಯಿಗೆ ಬಂದದ್ದು ಅದೊಂದೇ. ನಾನು ತಿರುಗಿ ಏನಂದೆ ಎಂದು ಬರೆಯುವುದಿಲ್ಲ, ಅವರು ಬರೆಸಿರುತ್ತಾರೆ.

ಭಾವನ ಎಡಗಣ್ಣು ಅಲ್ಲೇ ಹೋಗಿತ್ತು. ಬಲಗಣ್ಣನ್ನು ಡಾಕ್ಟರು ಎರಡು ಸಲ ಕೊಯ್ದು ನೋಡಿದರು, ಆಗಲಿಲ್ಲ. ಅತ್ತೆ ತಿನ್ನಿಸಲು ಹೋದರೆ ಕೈ ನಡುಗಿ ಬೇಳೆ ಎಲ್ಲ ಭಾವನ ಕುತ್ತಿಗೆಗೆ ಸುರಿಯುತ್ತಿತ್ತು. ಆದರೂ ನನ್ನನ್ನು ಹತ್ತಿರ ಬಿಡಲಿಲ್ಲ. ಹೊರಡುವ ದಿನ ಹೇಳಿದರು: "ಮುಟ್ಟಿದ್ಮೇಲೆ ಒಂದೇ ಸೂರಡಿ ನೀವಿಬ್ರೂ ಇರೋ ಹಾಗಿಲ್ಲ. ನೀನು ಪ್ರಾಯಶ್ಚಿತ್ತ ಮಾಡ್ಕೊಂಡು ಮನೇಗ್ ಬಾ. ಅವನು ಜನಕಪುರದ ಮಠದಲ್ಲಿರ್ಲಿ, ಎರಡ್ಹೊತ್ತು ಊಟ ಹಾಕ್ತಾರೆ." ಹೆಂಡತಿ ಸತ್ತ, ಮಕ್ಕಳಿಲ್ಲದ, ಕಣ್ಣಿಲ್ಲದ ಮನುಷ್ಯನನ್ನು! ನೀವು ಒಂದು ಮಾತು ಬರೆದರೆ ಹಾಗೇ ಆಗುತ್ತದೆ ಎಂದು ಅವರಿಗೆ ಗೊತ್ತು.

ಅವರು ಹೋದ ಮಧ್ಯಾಹ್ನ ಭಾವನಿಗೆ ನಿದ್ದೆಯಿಂದ ಎಚ್ಚರವಾಯಿತು. ಕೈಯಿಂದ ಗಾಳಿಯನ್ನು ತಡಕಿ, "ಬುಚ್ಚಿ, ನಿಮ್ಮಮ್ಮನಿಗೆ ಹೇಳು, ನೀರು" ಎಂದರು. ಬುಚ್ಚಿ ಇರಲಿಲ್ಲ. ನಾನು ಬಳೆ ಕುಲುಕಲು ಹೋದೆ, ಬಳೆಗಳೂ ಇರಲಿಲ್ಲ, ಎಲ್ಲ ರಸ್ತೆಯಲ್ಲೇ ಒಡೆದಿದ್ದವು. "ಬುಚ್ಚಿ ಊರಿಗೋದ್ಳು ಭಾವ. ನಾನಿದ್ದೀನಿ. ಬಾಯಿ ತೆಗೀರಿ" ಎಂದೆ. ಎರಡು ಗುಟುಕು ಕುಡಿದು, "ನಿನ್ ದನಿ ಹೀಗಿದ್ಯೇನಮ್ಮಾ" ಎಂದರು. ನಾನು ಅತ್ತುಬಿಟ್ಟೆ. ಅವತ್ತು ಕೈ ಕೊಟ್ಟಿದ್ದರೆ ನಿಮಗೆ ಹೀಗಾಗುತ್ತಿರಲಿಲ್ಲ ಎಂದೆ. "ನಾನೂ ಎಳ್ಕೊಂಡ್ನಲ್ಲ" ಎಂದರು. "ಇಬ್ರೂ ಒಂದೇ ಮನೇಲಿ ಕಲ್ತವ್ರು. ನನ್ನ ಮಠಕ್ಕೆ ಬಿಟ್ಬಿಡು, ತಮ್ಮನಿಗೆ ತೊಂದ್ರೆ ಬೇಡ."

ನರ್ಸು ದೀಪ ಆರಿಸಲು ಬಂದಿದ್ದಾಳೆ. ಬಿಸಿಲಿಗೆ ತಲೆಗೆ ಬಟ್ಟೆ ಸುತ್ತಿಕೊಳ್ಳಿ. ನಿಮ್ಮ ಕೋಣೆಯ ಜೊತೆಗಾರರಿಗೆಲ್ಲ ನನ್ನ ನೆನಕೆ.

ನಿಮ್ಮ,
ಬುಚ್ಚಿಯ ತಾಯಿ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಇದೊಂದು. ಸೋಮವಾರ ಭಾವನನ್ನು ಆಸ್ಪತ್ರೆಯಿಂದ ಬಿಡುತ್ತಾರೆ. ನಿಮ್ಮ ಉತ್ತರ ಅಷ್ಟರಲ್ಲಿ ಬರುವುದಿಲ್ಲ, ಬರದಿದ್ದರೇ ಒಳ್ಳೆಯದು. ಮಠದ ದಾರಿ ನನಗೆ ಗೊತ್ತಿಲ್ಲ. ಬಸ್ಸಿಳಿದು ಅರಳಿಕಟ್ಟೆ, ಬಾವಿ, ಪಂಚಾಯ್ತಿ ಕಟ್ಟೆ ದಾಟಿ ನಮ್ಮ ಬಾಗಿಲವರೆಗೆ, ಹಾಡುಹಗಲು, ಊರೆಲ್ಲ ನೋಡುವ ಹಾಗೆ, ಮುಸುಕಿಲ್ಲದೆ ಅವರ ಕೈ ಹಿಡಿದು ನಡೆಸಿಕೊಂಡು ಹೋಗುತ್ತೇನೆ. ಈ ಸಲ ನಾನು ಕೈ ಎಳೆದುಕೊಳ್ಳುವುದಿಲ್ಲ.