ಹದಿನಾಲ್ಕನೇ ಸಾಲಿನ ಚೀಲ

ಮೇ 6, ಸೋಮವಾರ. ಸಂಜೆ ಏಳು

ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಶೆಡ್ಡು, ಈಗಷ್ಟೇ ರೂಮಿಗೆ ಬಂದೆ. ಕಾಲು ನೋವು. ಆದರೂ ಕೂರಲು ಆಗುತ್ತಿಲ್ಲ, ಅಷ್ಟು ಖುಷಿ.

ಮಾಲೂರಿನ ಹಳೇ ಹೆಂಚಿನ ಫ್ಯಾಕ್ಟರಿಯ ಶೆಡ್ಡಿನಲ್ಲಿ ನಮ್ಮ ಟ್ರೈನಿಂಗಿಗೆ ಅಂತ ಅರ್ಧ ವಿಮಾನ ನಿಲ್ಲಿಸಿದ್ದಾರೆ. ಮೂಗಿಲ್ಲ, ಬಾಲವಿಲ್ಲ, ರೆಕ್ಕೆಯೂ ಇಲ್ಲ. ನಡುಭಾಗ ಮಾತ್ರ. ಆದರೂ ನನ್ನ ಪಾಲಿಗೆ ಅದು ವಿಮಾನವೇ.

ಏರ್‌ಹೋಸ್ಟೆಸ್ ಅಂದರೆ ಟೀ ಕೊಡುವುದು ಅಂದುಕೊಂಡಿದ್ದೆ. ಟೀ ಟ್ರಾಲಿ ಇನ್ನೂ ಮುಟ್ಟಿಯೇ ಇಲ್ಲ. ಬರೀ ಸೆಕ್ಯುರಿಟಿ ಪಾಠ. ಪ್ಯಾಸೆಂಜರ್ ಹತ್ತುವ ಮೊದಲು ಇಡೀ ವಿಮಾನ ನಾವೇ ಹುಡುಕಬೇಕು. ಸೀಟಿನ ಕೆಳಗೆ, ಸೀಟಿನ ಜೇಬು, ಲೈಫ್ ಜಾಕೆಟ್ ಇಡುವ ಜಾಗ, ಟಾಯ್ಲೆಟ್ಟಿನ ಕಸದ ಡಬ್ಬಿ ಕೂಡ. ಒಬ್ಬೊಬ್ಬರಿಗೆ ಒಂದೊಂದು ಭಾಗ. ಇರಬಾರದ್ದು ಏನಾದರೂ ಕಂಡರೆ ಮುಟ್ಟಬಾರದು, ಸರಿಸಬಾರದು. ಬೇರೆಯವರನ್ನು ಹತ್ತಿರ ಬಿಡದೆ ಸೀನಿಯರ್‌ಗೆ ತಿಳಿಸಬೇಕು.

ನಮ್ಮ ಟ್ರೈನರ್ ಗಂಗಾ ಮೇಡಂ ದಿನಾ ಅದನ್ನೇ ಹೇಳುತ್ತಾರೆ. "ಕಣ್ಣಿಗೆ ಕೆಲ್ಸ ಕೊಡಿ. ಕೈಗೆ ರಜಾ."

ಅಪ್ಪನಿಗೆ ಹೇಳೋಣ ಅಂತ ಫೋನ್ ತೆಗೆದೆ. ಹೆಸರು ಹುಡುಕಿ, ಒತ್ತುವ ಹೊತ್ತಿಗೆ...

ಸಾಕು.

ಮೇ 8, ಬುಧವಾರ

ಫೇಲ್.

ನನಗೆ ಬಂದದ್ದು ಹನ್ನೆರಡರಿಂದ ಹದಿನೆಂಟನೇ ಸಾಲು. ಚೆನ್ನಾಗಿಯೇ ಹೋಗುತ್ತಿತ್ತು. ಹದಿನಾಲ್ಕನೇ ಸಾಲಿನಲ್ಲಿ ಬಗ್ಗಿದೆ. ಕಿಟಕಿ ಸೀಟಿನ ಕೆಳಗೆ ಮದುವೆಯ ತಾಂಬೂಲದ ಚೀಲ. ಗಂಡು ಹೆಣ್ಣಿನ ಹೆಸರು ಅಚ್ಚು ಹಾಕಿಸಿದ್ದು, ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದಲ್ಲ, ಅಂಥದ್ದೇ.

ಎತ್ತಿಬಿಟ್ಟೆ. ಎತ್ತಿದ್ದು ಮಾತ್ರವಲ್ಲ, ತಲೆಯ ಮೇಲಕ್ಕೆ ಹಿಡಿದು ಕೂಗಿದೆ: "ಯಾರ್ದಮ್ಮಾ ಇದು? ಚೀಲ ಬಿಟ್ಟವ್ರು ಯಾರಮ್ಮಾ?"

ಅದೇ ರಾಗ. ಅಪ್ಪನ ರಾಗ.

ಅಪ್ಪ ಮುಳಬಾಗಿಲು–ಶ್ರೀನಿವಾಸಪುರ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಕೊನೇ ಸ್ಟಾಪಿನಲ್ಲಿ ಸೀಟು ಸೀಟಿನ ಕೆಳಗೂ ಬಗ್ಗಿ ನೋಡುತ್ತಿದ್ದರು. ಕೊಡೆ, ಟಿಫನ್ ಕ್ಯಾರಿಯರ್, ಒಂದು ಸಲ ಕಾಲು ಕಟ್ಟಿದ ಕೋಳಿ. ಸಿಕ್ಕಿದ್ದನ್ನು ಎತ್ತಿ ಹಿಡಿದು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ಶಾಲೆಗೆ ರಜ ಬಂದರೆ ನಾನೂ ಜೊತೆಗೆ. ಹಿಂದಿನ ಸೀಟುಗಳು ನನಗೆ, ಮುಂದಿನವು ಅವರಿಗೆ.

ಮೇಡಂ ಹತ್ತಿರ ಬಂದರು. "ಯಾರನ್ನ ಕೇಳ್ತಿದೀಯ ವಾಣಿಶ್ರೀ? ಇನ್ನೂ ಒಬ್ರೂ ಹತ್ತಿಲ್ಲ."

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ಇನ್ಮೇಲೆ ಹತ್ತೋದೂ ಇಲ್ಲ. ಅದ್ರಲ್ಲಿ ಬಾಂಬ್ ಇದ್ದಿದ್ರೆ, ನೀನು ಎತ್ತಿದ ತಕ್ಷಣ ಎಲ್ಲಾ ಮುಗೀತು."

ಹದಿನಾರನೇ ತಾರೀಖು ಇನ್ನೊಂದು ಚಾನ್ಸ್. ಅದೇ ಕೊನೇದು. ಅದೂ ಹೋದರೆ ಗಂಟುಮೂಟೆ ಕಟ್ಟಿಕೊಂಡು ಮನೆಗೆ.

ರೂಮಿನಲ್ಲಿ ಮುಸುಕು ಹೊದ್ದು ಮಲಗಿದ್ದೆ. ನನ್ನ ಜೊತೆ ಟ್ರೈನಿಂಗಿಗೆ ಬಂದಿರುವ ಹುತ್ತೂರಿನ ರಜನಿ ಮುಸುಕು ಎಳೆದಳು. "ಏ ಕಂಡಕ್ಟ್ರಮ್ಮ, ಏಳೇ. ರೈಟ್ ರೈಟ್ ಅನ್ನು, ಊಟಕ್ಕೆ ಹೋಗೋಣ."

ನಗು ಬಂತು. ಅಪ್ಪ ಹೋದ ಮೇಲೆ ಜೋರಾಗಿ ನಕ್ಕಿದ್ದು ಇವತ್ತೇ. ಫೇಲಾದ ದಿನ!

ಮೇ 12, ಭಾನುವಾರ. ಮುಳಬಾಗಿಲು, ಮನೆ

ಅಪ್ಪನ ತಿಂಗಳ ಎಡೆ. ಮುದ್ದೆ, ಹುರುಳಿಕಾಳು ಸಾರು, ಅವರಿಗೆ ಇಷ್ಟವಾದ ಮಾವಿನಕಾಯಿ ಚಟ್ನಿ.

ಬಾಗಿಲ ಪಕ್ಕದ ಮೊಳೆಯಲ್ಲಿ ಅವರ ಕಂಡಕ್ಟರ್ ಬ್ಯಾಗು ಹಾಗೆಯೇ ಇದೆ. ಫೆಬ್ರವರಿಯಲ್ಲಿ ಡ್ಯೂಟಿ ಮುಗಿಸಿ ಬಂದು ನೇತುಹಾಕಿ, ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಇವತ್ತು ಜೇಡರ ಬಲೆ ಹೊಡೆಯುತ್ತಿದ್ದೆ. ಕೈ ತಾನಾಗಿ ಅದರ ಕಡೆ ಹೋಯಿತು.

"ಮುಟ್ಬ್ಯಾಡ ಕಣೇ!" ಅಮ್ಮ ಒಲೆಯ ಹತ್ತಿರದಿಂದಲೇ ಕೂಗಿದಳು. "ನಿಮ್ಮಪ್ಪ ತಗಲಾಕಿದ್ದು. ಹಂಗೇ ಇರ್ಲಿ."

ಕೈ ನಿಂತಿತು. ಹಿಂದಕ್ಕೆ ಕಟ್ಟಿಕೊಂಡೆ. ಸುಮ್ಮನೆ ನೋಡಿದೆ. ಪಟ್ಟಿಯಲ್ಲಿ ಹೆಗಲಿಗೆ ಉಜ್ಜಿ ಸವೆದ ಜಾಗ ಬೆಳ್ಳಗಾಗಿದೆ. ಒಂದು ಗುಂಡಿ ಹಾಕಿದೆ, ಇನ್ನೊಂದು ಹಾಕಿಲ್ಲ. ಸುಸ್ತಾಗಿತ್ತೇನೋ ಆವತ್ತು. ಇಷ್ಟು ದಿನ ಕಂಡಿರಲಿಲ್ಲ.

ಮುಟ್ಟಲು ಹೋಗಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಊಟಕ್ಕೆ ಕೂತಾಗ ಫೇಲಾದದ್ದು ಹೇಳಿದೆ. ಅಮ್ಮನ ಕೈ ತಟ್ಟೆಯಲ್ಲೇ ನಿಂತಿತು. "ಬಸ್ಸು ತುಂಬಾ ಹೇಳ್ಕೊಂಡು ತಿರುಗ್ದ ಪುಣ್ಯಾತ್ಮ, ನನ್ ಮಗಳು ಮೇಲಿನ ಬಸ್ಸಿಗೆ ಕಂಡಕ್ಟ್ರು ಅಂತ. ಈಗ ನೀನು ವಾಪಸ್ ಬಂದ್ರೆ, ಅವನ ಮಾತು ಸುಳ್ಳಾಗೋಗ್ತದಲ್ಲೇ."

ಆಮೇಲೆ ಕೇಳದೆಯೇ ಇನ್ನೊಂದು ಮುದ್ದೆ ಹಾಕಿದಳು. "ತಿನ್ನು. ಬಗ್ಗಿ ಬಗ್ಗಿ ನೋಡೋ ಕೆಲ್ಸ ಅಂತೀಯ, ಸೊಂಟದಲ್ಲಿ ಬಲ ಬೇಡ್ವಾ?"

ಮೇ 16, ಗುರುವಾರ. ರಾತ್ರಿ

ಪಾಸ್! ಪಾಸ್! ಪಾಸ್!

ಬೇಗ ಬರೆದುಬಿಡುತ್ತೇನೆ.

ಹದಿನಾಲ್ಕರಲ್ಲಿ ಏನೂ ಇರಲಿಲ್ಲ. ಎರಡೆರಡು ಸಲ ನೋಡಿದೆ. ಹದಿನೇಳಕ್ಕೆ ಬಂದೆ... ಸೀಟಿನ ಜೇಬಿನಲ್ಲಿ ಫೋನು. ಅರ್ಧ ಹೊರಗೆ. ನಾನು ಬಗ್ಗಿದ್ದೇ ತಡ, ರಿಂಗ್ ಆಗಲು ಶುರು. ಪರದೆಯ ಮೇಲೆ 'ಮನೆ' ಅಂತ ಇತ್ತು.

ಯಾರದೋ ಮನೆಯವರು ಕಾಯುತ್ತಿದ್ದಾರೆ ಅನ್ನಿಸಿತು. ಮೇಡಂ ಆಟ ಅಂತ ಗೊತ್ತು. ಆದರೂ ಕೈ ಹೊರಟಿತು. ನಿಜ, ಹೊರಟಿತು. ಮೊಳೆಯ ಮೇಲಿನ ಬ್ಯಾಗು ನೆನಪಾಯಿತು. ಕೈ ಹಿಂದಕ್ಕೆ.

ಪಕ್ಕದ ಭಾಗ ನೋಡುತ್ತಿದ್ದ ರಜನಿ ಓಡಿಬಂದಳು. "ಎತ್ತೇ, ಆಗ್ಲಿಂದ ಬಡ್ಕೊಳ್ತಿದೆ!"

"ಅಲ್ಲೇ ನಿಂತ್ಕೋ. ಮುಟ್ಬೇಡ." ನನ್ನ ಗಂಟಲಿನಿಂದ ಅಮ್ಮನ ದನಿ! ರಜನಿ ಗಕ್ಕನೆ ನಿಂತಳು. ಅವಳನ್ನು ಹಿಂದಕ್ಕೆ ಕಳಿಸಿ ಸೀನಿಯರ್‌ಗೆ ಹೇಳಿಕಳಿಸಿದೆ. ಸಾಲಿಗೆ ಅಡ್ಡ ನಾನು. ಫೋನು ಬಡಿದುಕೊಂಡೂ ಬಡಿದುಕೊಂಡೂ ಸುಮ್ಮನಾಯಿತು.

ಗಂಗಾ ಮೇಡಂ ಬಂದು ಜೇಬು ನೋಡಿದರು, ನನ್ನನ್ನು ನೋಡಿದರು. "ಯಾರ್ದಮ್ಮ ಇದು ಅಂತ ಕೂಗ್ಲಿಲ್ವಾ?"

"ಕೇಳಕ್ಕೆ ಯಾರೂ ಹತ್ತಿಲ್ಲ ಮೇಡಂ."

ನಕ್ಕುಬಿಟ್ಟರು. "ಇನ್ಮೇಲೆ ಹತ್ತುತ್ತಾರೆ, ಬಿಡು."

ಅಮ್ಮನಿಗೆ ಫೋನ್ ಮಾಡಿದೆ. ಪಾಸ್ ಅಂದೆ. ಅವಳು ಪಕ್ಕದ ಮನೆಯವರನ್ನು ಕೂಗುವುದು ಮಾತ್ರ ಕೇಳಿಸಿತು.

ಜೂನ್ 9, ಭಾನುವಾರ. ಮುಳಬಾಗಿಲು, ಮಧ್ಯಾಹ್ನ ಮೂರು

ಅಮ್ಮನಿಗೆ ತೋರಿಸಲು ಯೂನಿಫಾರ್ಮ್ ಹಾಕಿಕೊಂಡೆ. ನನ್ನ ಸುತ್ತಲೂ ತಿರುಗಿ ನೋಡಿದಳು. ದೃಷ್ಟಿ ತೆಗೆದಳು. ಆಮೇಲೆ ಬಾಗಿಲ ಕಡೆ ಗದ್ದ ಎತ್ತಿದಳು.

"ಅದನ್ನ ತೆಗೀ."

ಮೊಳೆಯ ಮುಂದೆ ಹೋಗಿ ನಿಂತೆ. ಕೈ ಹಿಂದೆಯೇ. ಅಮ್ಮ ಅಳುತ್ತಾಳೇನೋ ಅಂತ ಭಯ. ಅದಕ್ಕೇ ಅಪ್ಪನ ರಾಗ ಎಳೆದೆ. "ಯಾರ್ದಮ್ಮಾ ಇದು?"

ಅಮ್ಮ ನಕ್ಕಳು. ಸೆರಗು ಬಾಯಿಗೆ ಹೋಯಿತು.

"ನಿಂದೇ ಕಣೇ. ಎತ್ಕೋ."

ಎತ್ತಿಕೊಂಡೆ. ಹಾಕದೆ ಉಳಿದಿದ್ದ ಗುಂಡಿ ಹಾಕಿದೆ.

ಸಂಜೆ ಬಸ್ಸಿಗೆ ಮಾಲೂರು. ರಜನಿ ಆಗಲೇ ಮೂರು ಸಲ ಫೋನ್ ಮಾಡಿದಳು. ನಾಳೆ ಮೊದಲ ವಿಮಾನ. ಹತ್ತರಿಂದ ಹದಿನೈದನೇ ಸಾಲು ನನ್ನದು.