ಗದ್ದುಗೆಯ ಮೇಲಿನ ಕಲ್ಲುಕಾರು

ತಿ. ನರಸೀಪುರ
14-6-1998, ಭಾನುವಾರ

ಸೌಭಾಗ್ಯವತಿ ರಾಚಮ್ಮನಿಗೆ ರಂಗನಾಯಕನ ಆಶೀರ್ವಾದಗಳು.

ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕಲ್ಲ, ಬರೆದಿದ್ದೇನೆ. ನಿನ್ನ ಮೂರು ಕಾಗದವೂ ಬಂದವು. ಮೂರನೆಯದರಲ್ಲಿ ‘ಇದ್ದೀರೋ ಇಲ್ಲವೋ, ಒಂದು ಕಾರ್ಡಾದರೂ ಹಾಕಿ’ ಎಂದು ಗದರಿದ್ದೀಯ. ಇದ್ದೇನೆ. ತಡವಾದದ್ದು ತಪ್ಪು, ಒಪ್ಪಿಕೊಂಡೆ. ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಹರಿದು ಒಲೆಗೆ ಹಾಕಿದೆ. ಸಿಟ್ಟಿನಲ್ಲಿ ಬರೆದದ್ದು ಬಾಣಂತಿ ಇರುವ ಮನೆಗೆ ಹೋಗುವುದು ಬೇಡ ಅನ್ನಿಸಿತು. ಸಿಟ್ಟು ಈಗಲೂ ಇಳಿದಿಲ್ಲ, ಆದರೆ ನೀನು ಬಿಡುವವಳಲ್ಲ.

ಮಗಳು ಹೇಮಲತಾ ಎದ್ದು ಓಡಾಡುತ್ತಿದ್ದಾಳೆ ಅಂತ ತಿಳಿದು ಸಮಾಧಾನವಾಯಿತು. ಕೂಸು ನನ್ನ ಮೂಗನ್ನೇ ಹೊತ್ತು ಬಂದಿದೆ ಅಂತ ಬರೆದಿದ್ದೀಯ. ಹೆಣ್ಣುಕೂಸಿಗೆ ಈ ಮೂಗು ಯಾಕೆ ಬೇಕಿತ್ತೋ. ಅರಸೀಕೆರೆಯ ನೀರು ನಿನಗೆ ಒಗ್ಗಿತೇ? ಅಳಿಯಂದಿರಿಗೆ ರೈಲ್ವೆಯವರು ಬೇರೆ ಕ್ವಾರ್ಟರ್ಸ್ ಕೊಟ್ಟರೇ? ಇಲ್ಲಿ ಪಕ್ಕದ ಮನೆ ಮಲ್ಲಾಜಮ್ಮ ದಿನಾ ಒಂದು ಬಟ್ಟಲು ಸಾರು ತಂದುಕೊಡುತ್ತಾಳೆ. ಬಟ್ಟಲು ಇಟ್ಟು, ಸೆರಗು ಬಾಯಿಗೆ ಹಿಡಿದು, “ಆ ಕಾರಿನ ಇಸ್ಯ ಏನಾಯ್ತಣ್ಣ?” ಅಂತ ಕೇಳುತ್ತಾಳೆ. ಊರಿಗೆಲ್ಲ ಗೊತ್ತಾಗಿದೆ. ನಿನಗೆ ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಹೇಳಿಬಿಡುತ್ತೇನೆ.

ಶುರು ನಿನಗೆ ಗೊತ್ತಿರುವುದೇ. ಆದರೂ ಮೊದಲಿಂದ ಹೇಳದಿದ್ದರೆ ನನ್ನ ಹೊಟ್ಟೆಯುರಿ ತಣ್ಣಗಾಗುವುದಿಲ್ಲ, ಕೇಳಿಸಿಕೋ. ಹುಲ್ಲಹಳ್ಳಿಯ ಶಂಭುಲಿಂಗಪ್ಪನವರು ತೀರಿಕೊಂಡು ಒಂದು ತಿಂಗಳಿಗೆ ಅವರ ಮಗ ಮದನ್ ನಮ್ಮ ಶೆಡ್ಡಿಗೆ ಬಂದ. ಅವರಲ್ಲಿ ಮಣ್ಣು ಮಾಡಿದ ಜಾಗಕ್ಕೆ ಗದ್ದುಗೆ ಕಟ್ಟಿ ಮೇಲೊಂದು ಬಸವನನ್ನು ಕೂರಿಸುವುದು ವಾಡಿಕೆ. ಬಸವ ಬೇಕೇನೋ ಅಂದುಕೊಂಡು ನಾನು ಅಳತೆ ಕೇಳಿದೆ. ಅವನು ಜೇಬಿನಿಂದ ಒಂದು ಫೋಟೋ ತೆಗೆದ. ಶೋಳವರಂ ಕಾರ್ ರೇಸಿನಲ್ಲಿ ಅವರಪ್ಪ ಕಪ್ ಗೆದ್ದಾಗ ತೆಗೆದದ್ದು. ಮೇಲೆ ಮುಚ್ಚಿಗೆಯಿಲ್ಲದ ಹಳೇ ಎಂ.ಜಿ. ಕಾರು, ಉದ್ದ ಬಾನೆಟ್ಟು, ಕಡ್ಡಿ ಚಕ್ರ, ಮೂತಿಯ ಮೇಲೆ ಹದಿನೇಳು ಅಂತ ನಂಬರು. “ಅಪ್ಪಾಜಿಗೆ ಇದೇ ಬೇಕು ರಂಗಣ್ಣ. ಬದುಕಿದ್ದಾಗಲೇ ಬಾಯ್ಬಿಟ್ಟು ಹೇಳಿದ್ರು” ಅಂದ. ಅವನ ಕಣ್ಣಲ್ಲಿ ನೀರಿತ್ತು. ಆ ನೀರನ್ನು ನಂಬಿದ್ದೇ ನನ್ನ ತಪ್ಪು.

ನಾನು ಹಿಂಜರಿದೆ. ನೀನು ಒಳಗಿನಿಂದ ಬಂದು ಫೋಟೋ ನೋಡಿ, “ಮಾಡಿ, ವರ್ಷವೆಲ್ಲ ಅದೇ ನಾಗರಕಲ್ಲು, ಅದೇ ಬಸವ, ನಿಮಗೂ ಬೇಜಾರಾಗಿಲ್ವಾ?” ಅಂದೆ. ಆ ಒಂದು ಮಾತಿಗೆ ನಾನು ಒಪ್ಪಿದೆ. ಹುಲ್ಲಹಳ್ಳಿಗೆ ಹೋಗಿ ಇಟ್ಟಿಗೆಗಳ ಮೇಲೆ ನಿಂತಿದ್ದ ಆ ಕಾರನ್ನು ಎರಡು ದಿನ ಕಣ್ಣು ಮುಚ್ಚಿ ಸವರಿದೆ. ಎಚ್.ಡಿ. ಕೋಟೆ ಕಡೆಯಿಂದ ನಾಲ್ಕಡಿ ಕೃಷ್ಣಶಿಲೆ ತರಿಸಿದೆ. ಎಂಟು ತಿಂಗಳು ಕೆಲಸ. ಚಕ್ರಗಳ ಕೆಳಗಿನ ಅರ್ಧವನ್ನು ಬಿಡಿಸದೆ ಕಲ್ಲಿನೊಳಗೇ ಬಿಟ್ಟೆ, ಕಾರು ಧೂಳೆಬ್ಬಿಸಿಕೊಂಡು ಹೋಗುತ್ತಿರುವ ಹಾಗೆ ಕಾಣಲಿ ಅಂತ. ಹಿಂಬದಿಯ ಸ್ಟೆಪ್ನಿ ಚಕ್ರಕ್ಕೆ ನಲವತ್ತೆಂಟು ಕಡ್ಡಿ, ಒಂದೊಂದರ ಸಂದಿನಲ್ಲೂ ಆಚೆಯ ಬೆಳಕು ಕಾಣುವಂತೆ ಕೊರೆದೆ. ನನಗೆ ಉಳಿ ಹಿಡಿಯಲು ಕಲಿಸಿದ ಆಚಾರ್ರು ಬದುಕಿದ್ದರೆ ಆ ಚಕ್ರದ ಮುಂದೆ ಕರೆತಂದು ನಿಲ್ಲಿಸುತ್ತಿದ್ದೆ. ನಾಯಕರ ಹುಡುಗನಿಗೆ ಕಲ್ಲು ಒಲಿಯುತ್ತದೆಯೇ ಅಂತ ಅವರಿಗೆ ಕೊನೆಯವರೆಗೂ ಅನುಮಾನವಿತ್ತು.

ಆಮೇಲೆ ನೀನು ನಲವತ್ತು ದಿನ ನೀರು ಹಾಕಿ ಹಾಕಿ ಉಜ್ಜಿದೆ. ‘ದೇವರಿಗೂ ಇಷ್ಟು ಉಜ್ಜಿಲ್ಲ’ ಅಂತ ಬೈಯುತ್ತಲೇ ಉಜ್ಜಿದೆ. ಕೊನೆಯ ದಿನ ಆ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡೆಯಲ್ಲ, ಅವತ್ತು ನನಗೆ ತುಂಬ ಸಂತೋಷವಾಗಿತ್ತು.

ನೀನು ರೈಲು ಹತ್ತಿದ ಎಂಟನೇ ದಿನ ಅವರ ಮನೆಯಲ್ಲಿ ವರ್ಷದ ಪೂಜೆ. ಟ್ರಾಕ್ಟರಿಗೆ ಹುಲ್ಲು ಹಾಸಿ, ನಂಜನಗೂಡಿನ ಮೇಲೆ ನಿಧಾನವಾಗಿ ಹುಲ್ಲಹಳ್ಳಿಗೆ ಒಯ್ದೆವು. ಎಂಟು ಜನ ಹಗ್ಗ ಹಿಡಿದು ಗದ್ದುಗೆಯ ಮೇಲೆ ಇಳಿಸಿದರು. ಮದನ್ ವಿಭೂತಿ ಹಚ್ಚಿದ. ಅವರವ್ವ ರುದ್ರಮ್ಮನವರು ಹತ್ತಿರ ಬಂದು ಸ್ಟೇರಿಂಗು ಮುಟ್ಟಿ ನೋಡಿದರು. ಅಷ್ಟರಲ್ಲಿ ಶಂಭುಲಿಂಗಪ್ಪನವರ ಚಿಕ್ಕಪ್ಪ ಸಿದ್ದಮಲ್ಲಪ್ಪನವರು ಕೋಲೂರಿಕೊಂಡು ಬಂದರು. ಎಂಬತ್ತು ದಾಟಿದ ಮನುಷ್ಯ. ಆ ಮನೆಯಲ್ಲಿ ಅವರ ಮಾತು ಮೀರಿದವರಿಲ್ಲ.

“ಏನ್ಲಾ ಮದನ ಇದು?”

“ಅಪ್ಪಾಜಿ ಕಾರು ಕಣ್ ತಾತ.”

“ಕಾರು ಅಂತ ನಂಗೂ ಕಾಣ್ತದೆ. ಬಸವ ಎಲ್ಲವ್ನೆ?”

ಮದನ್ ಬಾಯಿಗೆ ಬೀಗ ಹಾಕಿಕೊಂಡ. ಅವರಪ್ಪ ಹೇಳಿದ್ದರು ಅನ್ನುವ ಒಂದೇ ಒಂದು ಮಾತು ಆ ಬಾಯಿಂದ ಹೊರಡಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ನಾನೇ ಮುಂದೆ ಹೋಗಿ, “ಯಜಮಾನ್ರೆ, ಶಿವನ ವಾಹನ ಬಸವ, ಗಣೇಶನ ವಾಹನ ಇಲಿ. ಇದು ಶಂಭುಲಿಂಗಪ್ಪನವರ ವಾಹನ. ತಪ್ಪೇನು ಬಂತು?” ಅಂದೆ.

ಅವರು ನನ್ನ ಕಡೆ ತಿರುಗಲೂ ಇಲ್ಲ. “ಕಲ್ಲು ಕೆತ್ತೋನು ಕಲ್ಲು ಕೆತ್ತಪ್ಪ. ನಮ್ ಆಚಾರ ನಮಗೆ ಬುಡು” ಅಂದರು. ಆಮೇಲೆ ಮದನ್‌ಗೆ, “ನಿಮ್ಮಪ್ಪ ಇರೋಗಂಟ ಆ ಕಾರಿನ್ ಇಂದೆ ಬಿದ್ದು ಮನೆ ಮಠ ಮರ್ತ. ಈಗ್ಲಾದ್ರೂ ಬಸವನ ಪಾದದಲ್ಲಿ ತಣ್ಣಗಿರ್ಲಿ ಬುಡ್ಲಾ” ಅಂತ ಹೇಳುವಾಗ ಅವರ ದನಿಯೂ ನಡುಗಿತು. ಅವರೇ ಎತ್ತಿ ಆಡಿಸಿದ ಅಣ್ಣನ ಮಗನಂತೆ ಶಂಭುಲಿಂಗಪ್ಪ. ಅದನ್ನೂ ಬರೆಯದಿದ್ದರೆ ನ್ಯಾಯವಾಗುವುದಿಲ್ಲ.

ಅಷ್ಟು ಗಂಡಸರ ನಡುವೆ ಮಾತಾಡಿದವರು ರುದ್ರಮ್ಮನವರೊಬ್ಬರೇ. “ಮಾವ, ಅವ್ರು ಗುಡೀಲಿ ಕೂತಿದ್ದಕ್ಕಿಂತ ಆ ಕಾರಲ್ಲಿ ಕೂತಿದ್ದೇ ಜಾಸ್ತಿ. ಇರ್ಲಿ ಬುಡಿ” ಅಂದರು. ಗೋಡೆಗೆ ಹೇಳಿದ ಹಾಗಾಯಿತು. ಪೂಜೆ ಅರ್ಧಕ್ಕೆ ನಿಂತಿತು. ನಾನು ಊಟ ಮಾಡದೆ ಬಸ್ಸು ಹತ್ತಿದೆ.

ವಾರ ಕಳೆದ ಮೇಲೆ ಅದೇ ಟ್ರಾಕ್ಟರು, ಅದೇ ಹುಲ್ಲು, ಅದೇ ಕಾರು ನಮ್ಮ ಶೆಡ್ಡಿನ ಮುಂದೆ ಬಂದು ನಿಂತಿತು. ಸಿದ್ದಮಲ್ಲಪ್ಪನವರು, ಮದನ್, ಜೊತೆಗೆ ಅವರ ಕಡೆಯ ನಾಲ್ಕು ಜನ. ಹಿರಿಯರೆಲ್ಲ ಕೂತು ತೀರ್ಮಾನ ಮಾಡಿದ್ದರಂತೆ. ಈ ಕಾರಿನ ಕಲ್ಲಿನಲ್ಲೇ ನಾನು ಬಸವನನ್ನು ಕಡೆದು ತೆಗೆಯಬೇಕಂತೆ.

ನಾನು ನಕ್ಕೆ. ತಮಾಷೆ ಅಂದುಕೊಂಡೆ. ಆಮೇಲೆ ಅವರ ಮುಖ ನೋಡಿದೆ. “ಯಜಮಾನ್ರೆ, ಬಸವ ಬೇಕಾದರೆ ಬೇರೆ ಕಲ್ಲಲ್ಲಿ ಕೂಲಿಯಿಲ್ಲದೆ ಮಾಡಿಕೊಡುತ್ತೇನೆ. ಇದನ್ನು ಇಲ್ಲಿ ಬಿಟ್ಟುಹೋಗಿ, ನನ್ನ ಶೆಡ್ಡಿನಲ್ಲಿ ಇರುತ್ತದೆ” ಅಂದೆ. ಆಗುವುದಿಲ್ಲವಂತೆ. ಗದ್ದುಗೆ ಮುಟ್ಟಿ ವಿಭೂತಿ ಹಚ್ಚಿಸಿಕೊಂಡ ಕಲ್ಲು ಗದ್ದುಗೆಗೇ ಸೇರಬೇಕು, ಬೇರೆಯವರ ಮನೆಯಲ್ಲಿ ಇರಕೂಡದು. ಇಲ್ಲದಿದ್ದರೆ ಹೊಳೆಗೆ ಬಿಡಬೇಕು. “ನಿನ್ ಕೈಲಾಗ್ದೇ ಇದ್ರೆ ಯೋಳ್ಬುಡು. ನಂಜನಗೂಡಲ್ಲಿ ಮಿಷನ್ ಇಟ್ಕಂಡು ಗ್ರಾನೈಟ್ ಕುಯ್ಯೋರವ್ರೆ, ಎರಡ್ ದಿನದಲ್ಲಿ ಮಾಡ್ಕೊಡ್ತಾರಂತೆ” ಅಂದ ಜೊತೆಗೆ ಬಂದವನೊಬ್ಬ.

ನಾನು ಮದನ್‌ನನ್ನು ಪಕ್ಕಕ್ಕೆ ಎಳೆದುಕೊಂಡು ಹೋದೆ. “ಏನಪ್ಪಾ, ಫೋಟೋ ತಂದವನು ನೀನು. ನಿನಗೇನು ಬಾಯಿಲ್ವಾ?” ಅಂದೆ. “ನಾನೇನ್ ಮಾಡ್ಲಿ ರಂಗಣ್ಣ, ನಯನನ ಮದುವೆ ಮಾತು ನಡೀತಾ ಅದೆ. ಈಗ ತಾತನ್ನ ಎದುರಾಕ್ಕಂಡ್ರೆ ಯಾರು ಬತ್ತಾರೆ ಮನೆಗೆ?” ಅಂದ. ತಂಗಿಯ ಮದುವೆಗೂ ಅಪ್ಪನ ಮಾತಿಗೂ ಎಲ್ಲಿಂದೆಲ್ಲಿಗೆ ಗಂಟು ಹಾಕಿದ ನೋಡು. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ನೀನು ಇದ್ದಿದ್ದರೆ ನನ್ನ ಕೈ ಹಿಡಿಯುತ್ತಿದ್ದೆ. ನೀನಿಲ್ಲದೆಯೂ ಹೇಗೋ ಹಿಡಿದುಕೊಂಡೆ.

ಆದರೆ ಬಾಯಿ ಹಿಡಿಯಲಿಲ್ಲ. ಆಯುಧಪೂಜೆ ದಿನ ಇದೇ ಕಾರಿಗೆ ಬೂದುಗುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಅಡ್ಡಬಿದ್ದವರು ಯಾರು? ಇದೇ ಯಜಮಾನರು. ತಗಡಿನ ಕಾರಿಗೆ ಮಂಗಳಾರತಿ ಎತ್ತಬಹುದು, ಕಲ್ಲಿನ ಕಾರು ಕಂಡರೆ ಮೈಲಿಗೆಯೇ? ಸತ್ತವರು ತಮ್ಮ ತಲೆಯ ಮೇಲೆ ಏನಿರಬೇಕು ಅಂತ ಬಾಯಿಬಿಟ್ಟು ಹೇಳಿ ಹೋಗಿದ್ದಾರೆ, ಅದನ್ನು ಮೀರಲು ಇವರು ಯಾರು? ಸತ್ತವರ ಸ್ವಂತ ಹೆಂಡತಿ ಬೇಡಿಕೊಂಡರೂ ಕೇಳಲಿಲ್ಲವಲ್ಲ, ಇದು ಯಾವ ಸೀಮೆಯ ಆಚಾರ? ಇಷ್ಟನ್ನೂ ಬೀದಿಯಲ್ಲಿ ನಿಂತು ಕೂಗಿದೆ. ಮಲ್ಲಾಜಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಕೇಳಿಸಿಕೊಳ್ಳಲಿ. ಸಿದ್ದಮಲ್ಲಪ್ಪನವರು ನಾನು ಮುಗಿಸುವವರೆಗೆ ಕಾದು, “ಆಯ್ತೇನಪ್ಪ? ಈಗ ಯೋಳು, ಮಾಡ್ತೀಯೋ ಇಲ್ವೋ” ಅಂದರು. ಆ ಮನುಷ್ಯ ಬೈದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಹೋಗಲಿ ಬಿಡು. ಬರೆಯುತ್ತಾ ಬರೆಯುತ್ತಾ ಕೈ ನೋಯುತ್ತಿದೆ. ಕಲ್ಲು ಈಗ ಹುಲ್ಲಹಳ್ಳಿಯಲ್ಲಿ ಗದ್ದುಗೆಯ ಮೇಲೇ ಇದೆ. ಮೊನ್ನೆ ಶುಕ್ರವಾರ ಕೂರಿಸಿದರು, ನಾನೂ ಹೋಗಿದ್ದೆ. ಹೊಳೆಗೆ ಹಾಕಲಿಲ್ಲ, ಮಿಷನ್ನಿನವನೂ ಮುಟ್ಟಲಿಲ್ಲ. ಅಷ್ಟು ತಿಳಿದುಕೊಂಡು ಸಮಾಧಾನದಿಂದಿರು.

ಹೇಮಲತಾಗೆ ತಣ್ಣೀರು ಮುಟ್ಟಲು ಬಿಡಬೇಡ. ಮೊದಲನೆಯವನಿಗೆ ಹೊಟ್ಟೆಕಿಚ್ಚು ಬರದ ಹಾಗೆ ನೋಡಿಕೊ, ಅವನನ್ನೂ ತೊಡೆಯ ಮೇಲೆ ಮಲಗಿಸಿಕೊ. ಕೂಸಿಗೆ ಹೆಸರಿಡುವ ದಿನ ಗೊತ್ತಾದರೆ ಬರೆ, ಬರುತ್ತೇನೆ. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ಎಲ್ಲರಿಗೂ ನನ್ನ ಆಶೀರ್ವಾದ. ಕೂಸು ನೂರು ವರ್ಷ ಬಾಳಲಿ, ಯಾರ ಮುಂದೆಯೂ ಬಾಯಿ ಕಟ್ಟಿಕೊಳ್ಳದೆ ಬಾಳಲಿ.

ಇಂತಿ ನಿನ್ನ ಯಜಮಾನ,
ರಂಗನಾಯಕ

ವಿ.ಸೂ. ಸೋಮವಾರ ಬೆಳಗ್ಗೆ. ಕಾಗದ ಅಂಟಿಸಿ ಪೋಸ್ಟಾಫೀಸಿನವರೆಗೂ ಹೋಗಿದ್ದೆ. ಡಬ್ಬಿಗೆ ಹಾಕಲಾಗದೆ ವಾಪಸ್ಸು ತಂದು ಬಿಚ್ಚಿದ್ದೇನೆ. ಇದನ್ನು ನೀನೇ ಓದಿಕೊ, ಹೇಮಲತಾ ಕೈಲಿ ಓದಿಸಬೇಡ.

ಗದ್ದುಗೆಯ ಮೇಲಿರುವುದು ಕಾರಲ್ಲ ರಾಚಿ. ಬಸವ. ಮಾಡಿದವನು ನಾನೇ.

ಅಷ್ಟೆಲ್ಲ ಕೂಗಿ, ಕೊನೆಗೆ ‘ಮಾಡ್ತೀನಿ’ ಅಂದೆ. ಕಾರಿನ ಮೇಲೆ ಬೇರೆಯವನ ಮಿಷನ್ನು ಓಡುವುದನ್ನು ನೆನೆಸಿಕೊಂಡರೆ ತಡೆಯಲಾಗಲಿಲ್ಲ. ಹೊಳೆಗೆ ಹಾಕಿ ಅನ್ನಲೂ ಬಾಯಿ ಬರಲಿಲ್ಲ. ಕೆಡವುವುದಾದರೆ ಕಟ್ಟಿದ ಕೈಯೇ ಕೆಡವಲಿ ಅನ್ನುವುದು ಅವತ್ತು ದೊಡ್ಡ ಮಾತು ಅನ್ನಿಸಿತ್ತು. ಮೊದಲ ಏಟು ಸ್ಟೆಪ್ನಿ ಚಕ್ರಕ್ಕೆ ಹಾಕಿದೆ. ತಿಂಗಳುಗಟ್ಟಲೆ ಕೊರೆದ ಕಡ್ಡಿಗಳು ಒಂದು ಬೀಡಿ ಸೇದುವಷ್ಟರಲ್ಲಿ ಉದುರಿದವು. ನೀನು ಉಜ್ಜಿದ್ದನ್ನೂ ಉಳಿಸಲಿಲ್ಲ. ನಿನ್ನನ್ನು ಒಂದು ಮಾತು ಕೇಳಲೂ ಇಲ್ಲ. ಕೇಳಿದ್ದರೆ ನೀನು ಹೊಳೆಗೇ ಹಾಕಿ ಅನ್ನುತ್ತಿದ್ದೆ, ನನಗೆ ಗೊತ್ತು.

ಶುಕ್ರವಾರ ಎಲ್ಲರೂ ಬಂದಿದ್ದರು. ಮದನ್ ಶಾಲು ಹೊದಿಸಿದ. ಸಿದ್ದಮಲ್ಲಪ್ಪನವರು ಬಸವನ ಕೊರಳು ತಬ್ಬಿಕೊಂಡು ಅತ್ತುಬಿಟ್ಟರು. “ಏನ್ ಕಳೆ ಕಣಪ್ಪಾ ರಂಗಣ್ಣ, ಇಂಥ ಬಸವನ್ನ ನಾ ಎಲ್ಲೂ ಕಂಡಿಲ್ಲ” ಅಂದರು. ರುದ್ರಮ್ಮನವರು ಬಸವನ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಯಜಮಾನರು ಹೇಳಿದ್ದು ನಿಜ. ನಾನು ಇವತ್ತಿನವರೆಗೆ ಮಾಡಿದ ಬಸವಗಳಲ್ಲೆಲ್ಲ ಅದೇ ಚೆನ್ನಾಗಿದೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಇಪ್ಪತ್ತಮೂರು ದಿನ ಅಷ್ಟು ಸಿಟ್ಟಿನಲ್ಲಿ ಕೂತು ಕೆತ್ತಿದೆ. ಈ ಹಾಳು ಕೈ ಒಂದು ಸಲವಾದರೂ ತಪ್ಪಬಾರದಿತ್ತೇ ರಾಚಿ, ಒಂದೇ ಒಂದು ಏಟು?