ಲಾಗ್ ಹೇಳದೆ ಬಿಟ್ಟ ಹೆಸರು

ಶಿರಸಿ
12 ಫೆಬ್ರವರಿ 2009

ಪ್ರೀತಿಯ ಗೌರಕ್ಕ,

ವಿನೋದಾಳ ನಮಸ್ಕಾರ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅಂಗಡಿಗೇ ಬಂದರೆ ಗಿರಾಕಿಗಳ ಮುಂದೆ ಇಬ್ಬರಿಗೂ ಮುಜುಗರ. ಅದಕ್ಕೇ ಪತ್ರ. ಹೊಲಿಗೆ ಮೆಷಿನ್ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಪೂರ್ತಿ ಓದು. ಬೈಯುವುದನ್ನು ಕೊನೆಗೆ ಇಟ್ಟುಕೋ.

ನಾನೀಗ ಮಾಡುತ್ತಿರುವ ಕೆಲಸ ಕೇಳಿದರೆ ನಗುತ್ತೀಯ. ನಮ್ಮ ಸೊಪ್ಪಿನ ಪಟ್ಟಿ ಇಟ್ಟಿದ್ದ ಸಾಫ್ಟ್‌ವೇರ್ ನೆನಪಿದೆಯಲ್ಲ, ಯಾರು ಯಾವಾಗ ಏನು ಬದಲಿಸಿದರು ಎಂದು ಬರೆದಿಟ್ಟುಕೊಳ್ಳುವುದು? ಅದಕ್ಕೆ 'ಲಾಗ್' ಎಂದು ಆಜ್ಞೆ ಕೊಟ್ಟರೆ ಹಳೆಯ ಕಥೆಯನ್ನೆಲ್ಲ ಸಾಲಾಗಿ ಹೇಳಬೇಕು. ಸರಿಯಾಗಿ ಹೇಳುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಅದನ್ನು ಮಾಡಿದವರು ಆಸಕ್ತರನ್ನು ಕರೆದಿದ್ದರು. ಸಂಬಳವಿಲ್ಲ, ಆದರೂ ಸೇರಿಕೊಂಡೆ. ನಾನೇ ಒಂದು ಸುಳ್ಳು ಫೈಲು ಮಾಡುವುದು, ಬರೆಯುವುದು, ಅಳಿಸುವುದು, ಆಮೇಲೆ ಏನೂ ಗೊತ್ತಿಲ್ಲದವಳ ಹಾಗೆ ಏನಾಯಿತು ಹೇಳು ಎಂದು ಲಾಗನ್ನು ಕೇಳುವುದು. ಕಳ್ಳಿಯೂ ನಾನೇ, ಪೊಲೀಸೂ ನಾನೇ.

ಹೋದ ವಾರದ ಪರೀಕ್ಷೆಯಲ್ಲಿ ಒಬ್ಬರು ಫೈಲು ಶುರುಮಾಡಬೇಕು, ಇನ್ನೊಬ್ಬರು ಅದರ ಹೆಸರು ಬದಲಿಸಬೇಕು. ಲಾಗ್ ಕೇಳಿದೆ. ಹೆಸರು ಬದಲಾದಲ್ಲಿಂದ ಈಚಿನದನ್ನಷ್ಟೇ ಹೇಳಿ ಸುಮ್ಮನಾಯಿತು. ಮೊದಲು ಬರೆದವರ ಸುದ್ದಿಯೇ ಇಲ್ಲ. ಅಳಿಸಿಹೋಗಿಲ್ಲ, ಒಳಗೇ ಇದೆ; ಆಜ್ಞೆಗೆ ಇನ್ನೊಂದು ಪದ ಸೇರಿಸಿ ಕೇಳಿದರೆ ಮಾತ್ರ ಬಾಯಿ ಬಿಡುತ್ತದೆ. ನೋಡುತ್ತಲೇ ನಮ್ಮ ಸೊಪ್ಪಿನ ಪಟ್ಟಿ ನೆನಪಾಯಿತು.

ಬುಧವಾರ ಬುಧವಾರ ಅಂಗಡಿ ಮುಚ್ಚಿ, ಸಿದ್ದಾಪುರದಿಂದ ಬಸ್ಸು ಹಿಡಿದು ನಮ್ಮ ಕಾಲೇಜಿನ ಲ್ಯಾಬಿಗೆ ಬಂದು, ನೀನು ಒಂದೇ ಬೆರಳಲ್ಲಿ ನೂರಾ ನಲವತ್ಮೂರು ಸೊಪ್ಪುಗಳನ್ನು ಟೈಪು ಮಾಡಿದ ಫೈಲಿನ ಹೆಸರು 'ಸೊಪ್ಪು'. ಅಕ್ಟೋಬರಿನ ಪ್ರದರ್ಶನಕ್ಕೆ ಚೆಂದ ಕಾಣಲಿ ಎಂದು ಅದನ್ನು 'ತಂಬುಳಿ' ಮಾಡಿದವಳು ನಾನು. ಗೋಡೆಗೆ ಅಂಟಿಸಿದ ಲಾಗಿನಲ್ಲಿ ಮೇಲಿನಿಂದ ಕೆಳಗೆ ವಿನೋದಾ, ವಿನೋದಾ, ವಿನೋದಾ. ನೀನು ಅದನ್ನು ಎರಡು ಸಲ ಓದಿದೆ. ಚಹಾನೂ ಕುಡಿಯದೆ ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟೆ.

ಅಕ್ಕ, ಈ ಪತ್ರವನ್ನು ಮೂರು ಸಲ ಬರೆದು ಹರಿದು ಹಾಕಿದೆ. ಮೂರರಲ್ಲೂ ತಪ್ಪು ಕಂಪ್ಯೂಟರಿನದು ಎಂದಿತ್ತು. ನಿಜ ಬೇರೆ. ಪ್ರಿಂಟು ತೆಗೆದಾಗಲೇ ನಿನ್ನ ಹೆಸರಿಲ್ಲದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಯಾಕೆ ಎಂದು ತಿಳಿಯಲಿಲ್ಲ, ತಿಳಿದುಕೊಳ್ಳುವ ಮನಸ್ಸೂ ಮಾಡಲಿಲ್ಲ. ಪ್ರಾಂಶುಪಾಲರು ವೇದಿಕೆಗೆ ಕರೆದು ಶಾಲು ಹೊದೆಸುವವರಿದ್ದರು. ಇವಳನ್ನು ಲ್ಯಾಬಿಗೆ ಖಾಯಂ ಮಾಡೋಣ ಎಂಬ ಮಾತೂ ಕಿವಿಗೆ ಬಿದ್ದಿತ್ತು. ಬಾಯಿ ಮುಚ್ಚಿಕೊಂಡೆ. ಈಗ ನಾಚಿಕೆಯಾಗುತ್ತಿದೆ, ಬಹಳ.

ಇವತ್ತು ಬೆಳಿಗ್ಗೆ ಪ್ರಾಂಶುಪಾಲರಿಗೆ ಎಲ್ಲ ಹೇಳಿದೆ. ಆವತ್ತೇ ಹೇಳಬಹುದಿತ್ತಲ್ಲ ಎಂದರು, ಅಷ್ಟೇ. ಖಾಯಮಿನ ಮಾತು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಹಳೇ ಹಾಳೆ ಕಿತ್ತು ಪೂರ್ತಿ ಲಾಗ್ ಅಂಟಿಸಿದ್ದೇನೆ. ಹನ್ನೊಂದು ಹಾಳೆ, ಹೆಚ್ಚಿನವು ನಿನ್ನ ಮಾತೇ. ಪ್ರತಿ ಸಲ ಏನು ಬದಲಿಸಿದೆ ಎಂದು ಒಂದು ಸಾಲು ಬರಿ ಎಂದರೆ ನೀನು ಮನೆ ಸುದ್ದಿಯನ್ನೆಲ್ಲ ಬರೆದಿದ್ದೀಯ: 'ತಮ್ಮನ ಹೆಂಡ್ತಿ ಹೇಳಿದ್ದು ಖರೇ ಅಲ್ಲ, ಕನ್ನೆಕುಡಿ ಸೊಪ್ಪಿನ ಸಾಲು ತಿದ್ದಿದ್ದಿ.' 'ಕಣ್ಣು ಕಾಣ್ತಿಲ್ಲೆ, ಉಳಿದದ್ದು ಬುಧವಾರ.' ಹುಡುಗಿಯರು ನಿಂತು ಓದಿ ನಗುತ್ತಿದ್ದಾರೆ. ಈ ಗೌರಕ್ಕ ಯಾರು, ಯಾವಾಗ ಬರುತ್ತಾರೆ ಎಂದು ನನ್ನನ್ನು ಕೇಳುತ್ತಿದ್ದಾರೆ.

ಯಾರು ಎಂದು ಹೇಳಿದೆ, ಯಾವಾಗ ಎಂಬುದನ್ನು ನೀನೇ ಹೇಳಬೇಕು. ಯಲ್ಲಾಪುರ ಕಡೆಯ ಸೊಪ್ಪುಗಳು ಇನ್ನೂ ಬಾಕಿ ಇವೆ, ಬಸಳೆ ಬಿಟ್ಟರೆ ನನಗೆ ಗುರುತು ಸಿಗುವ ಎಲೆ ಇಲ್ಲ ಎಂದು ನೀನೇ ಆಡಿಕೊಳ್ಳುತ್ತಿದ್ದೆ. ಬುಧವಾರ ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಿಸುವುದಿಲ್ಲ. ನೀನು ಬಾರದಿದ್ದರೂ ಪಟ್ಟಿ ನಿನ್ನದೇ. ಆದರೆ ಬಾ ಅಕ್ಕ.

ನಿನಗೆ ಟೈಪಿಂಗ್ ಕಲಿಸಿ, ನಿನ್ನಿಂದ ಮಿಕ್ಕಿದ್ದೆಲ್ಲ ಕಲಿಯಬೇಕಾದ,
ವಿನೋದಾ

ತಾ.ಕ.: ಆ ಪರೀಕ್ಷೆಯಲ್ಲಿ ಫೈಲು ಶುರುಮಾಡುವವರಿಗೆ ಒಂದು ಹೆಸರು ಬೇಕಿತ್ತು, ಒಂದು ಸಾಲು ಮಾತೂ ಬೇಕಿತ್ತು. ನಿನ್ನ ಹೆಸರನ್ನೂ, ನೀನು ಮೊದಲ ದಿನ ಬರೆದ ಸಾಲನ್ನೂ ಕೊಟ್ಟೆ. ಸಾಫ್ಟ್‌ವೇರ್ ಮಾಡಿದವರು ಆ ಪರೀಕ್ಷೆಯನ್ನು ಹಾಗೇ ಇಟ್ಟುಕೊಂಡಿದ್ದಾರೆ. ಇನ್ನು ಮೇಲೆ ಯಾವ ದೇಶದಲ್ಲಿ ಯಾರು 'ಲಾಗ್' ಆಜ್ಞೆಯನ್ನು ತಿದ್ದಿದರೂ, ಅದು ಈ ಸಾಲನ್ನು ಹೇಳಿ ತೋರಿಸಬೇಕು, ಇಲ್ಲದಿದ್ದರೆ ನಪಾಸು: 'ಗೌರಕ್ಕ: ಇದು ಎನ್ನ ಮೊದಲ್ನೇ ಸೊಪ್ಪು. ತಪ್ಪಾದ್ರೆ ವಿನೋದಾ ಬೈತಿಲ್ಲೆ.'